ಮೀನು ಬಿಡಬೇಡಿ, ಬಾಣಲೆ ಬಿಡಿ

‘ಡಾಕ್ಟ್ರೇ, ಇವರಿಗೆ ಬಿ.ಪಿ. ಇದೆ ಅಂದ್ರಲ್ಲ, ಇನ್ಮೇಲೆ ಮನೆಗೆ ಮೀನು ತರೋದೇ ಬೇಡ್ವಾ?’

ಹೊಸದುರ್ಗದ ಕಡೆಯಿಂದ ಪತಿಯೊಡನೆ ಬಂದಿದ್ದ ಗೃಹಿಣಿಯೊಬ್ಬರ ಪ್ರಶ್ನೆ ಇದು. ಪಕ್ಕದಲ್ಲಿ ಕುಳಿತಿದ್ದ ಯಜಮಾನರ ಮುಖ ಆಗಲೇ ಸಪ್ಪಗಾಗಿತ್ತು. ಭಾನುವಾರ ಬಂತೆಂದರೆ ಅವರ ಮನೆಯಲ್ಲಿ ಮೀನು ಆಗಲೇಬೇಕಂತೆ. ‘ಹೇಗೆ ಮಾಡ್ತೀರಮ್ಮ?’ ಎಂದು ಕೇಳಿದೆ. ‘ಹಿಟ್ಟು, ಖಾರ ಕಲಸಿ ಬಾಣಲೆ ತುಂಬ ಎಣ್ಣೇಲಿ ಕರೀತೀವಿ. ಉಳಿದ ಎಣ್ಣೆ ಎತ್ತಿಟ್ರೆ ಮುಂದಿನ ಭಾನುವಾರಕ್ಕೂ ಆಗುತ್ತೆ’ ಎಂದರು.

ಅವರ ಪ್ರಶ್ನೆಗೆ ಉತ್ತರ ಅವರ ಮಾತಿನಲ್ಲೇ ಇತ್ತು. ಬಿಡಬೇಕಾದದ್ದು ಮೀನನ್ನಲ್ಲ, ಬಾಣಲೆಯನ್ನು. ಅದೇ ಮೀನಿನ ತುಂಡನ್ನು ದಪ್ಪ ಹಂಚಿನ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಹುರಿದರೆ ರುಚಿಗೆ ಕೊರತೆಯಾಗದು, ದೇಹಕ್ಕೂ ಹೊರೆಯಾಗದು. ಆದರೆ ಹಂಚಿನ ಮೇಲೆ ಮೀನು ಹುರಿಯುವುದಕ್ಕೆ ಒಂದು ಕ್ರಮವಿದೆ. ಆ ಕ್ರಮ ಮೀನು ಕೊಳ್ಳುವಾಗಲೇ ಆರಂಭವಾಗುತ್ತದೆ. ಈ ವಾರ ಅದರ ಬಗ್ಗೆ ನೋಡೋಣ.

ಬಯಲುಸೀಮೆಗೂ ಮೀನುಂಟು

ಮೀನು ಎಂದರೆ ಮಂಗಳೂರು, ಕಾರವಾರದವರ ಊಟ ಎಂಬ ಭಾವನೆ ಹಲವರಲ್ಲಿದೆ. ಚಿತ್ರದುರ್ಗ ಜಿಲ್ಲೆ ಬರದ ನಾಡೆಂದೇ ಹೆಸರಾದದ್ದು. ಆದರೂ ಇಲ್ಲಿನ ಮೀನಿನ ಊಟ ಹೊಸದಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ನಮ್ಮ ಹಿರಿಯರು ಇಂದಿಗೂ ಅದನ್ನು ಮಾರಿಕಣಿವೆ ಎಂದೇ ಕರೆಯುತ್ತಾರೆ. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚುತ್ತದೆ. 1933ರಲ್ಲಿ ಕೋಡಿ ಹರಿದ ಜಲಾಶಯ ಮತ್ತೆ ತುಂಬಿ ಹರಿಯಲು 89 ವರ್ಷ ಕಾಯಬೇಕಾಯಿತು. 2022ರಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿದದ್ದನ್ನು ನೋಡಲು ಜನ ಸಾಲುಗಟ್ಟಿ ಹೋದದ್ದು ನಿಮಗೆ ನೆನಪಿರಬಹುದು. ನೀರಿದ್ದ ಕಡೆ ಮೀನೂ ಇರುತ್ತದೆ. ಹೊಳಲ್ಕೆರೆಯವರಿಗೆ ಪಕ್ಕದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ದೂರವಲ್ಲ.

ಈ ಕೆರೆ, ಜಲಾಶಯಗಳ ಕಡೆ ಸಾಮಾನ್ಯವಾಗಿ ಸಿಗುವುದು ಕಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನು. ಮೊದಲಿನ ಮೂರೂ ಮೂಲತಃ ಗಂಗಾ ಬಯಲಿನವು. ಮರಿ ಬಿಟ್ಟು ಸಾಕುವ ಪದ್ಧತಿಯಿಂದಾಗಿ ಇಂದು ನಮ್ಮೂರ ಮೀನುಗಳೇ ಆಗಿಬಿಟ್ಟಿವೆ. ಇವುಗಳ ಜೊತೆಗೆ ಕರಾವಳಿಯಿಂದ ಐಸಿನಲ್ಲಿ ಬರುವ ಬಂಗುಡೆ, ಭೂತಾಯಿ, ಅಂಜಲ್ ಮೀನುಗಳೂ ಪೇಟೆಯಲ್ಲಿ ದೊರೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ‘ತಾಜಾ ಸಮುದ್ರದ ಮೀನು’ ಎಂದು ಯಾರಾದರೂ ಹೇಳಿದರೆ ಒಂದಿಷ್ಟು ವಿಚಾರಿಸಿ ಕೊಳ್ಳುವುದು ಒಳ್ಳೆಯದು.

ಮೀನಿನಲ್ಲಿ ಏನಿದೆ?

100 ಗ್ರಾಂ ರೋಹು ಮೀನಿನಲ್ಲಿ ಸುಮಾರು 17ರಿಂದ 20 ಗ್ರಾಂ ಪ್ರೋಟೀನು ಇರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಅಂದರೆ ಅಂಗೈಯಗಲದ ಒಂದು ಮೀನಿನ ತುಂಡು ಮೂರು ಮೊಟ್ಟೆಗಳಷ್ಟು ಪ್ರೋಟೀನು ಕೊಡುತ್ತದೆ. ರಾಗಿಮುದ್ದೆ, ಅನ್ನಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ, ಬಾಣಂತಿಯರಿಗೆ, ಸ್ನಾಯು ಸೊರಗುತ್ತಿರುವ ವೃದ್ಧರಿಗೆ ಇದು ಬೆಲೆಬಾಳುವ ಆಹಾರ. ಸಸ್ಯಾಹಾರದಲ್ಲಿ ಸುಲಭವಾಗಿ ಸಿಗದ ಬಿ 12 ಜೀವಸತ್ವವೂ ಮೀನಿನಲ್ಲಿದೆ. ಮೀನಿನ ಮಾಂಸ ಮೃದುವಾದ್ದರಿಂದ ಜೀರ್ಣವೂ ಸುಲಭ.

ಹೃದಯಕ್ಕೆ ಒಳ್ಳೆಯದೆಂದು ಹೇಳಲಾಗುವ ಒಮೆಗಾ-3 ಎಂಬ ಕೊಬ್ಬಿನಾಮ್ಲ ಬಂಗುಡೆ, ಭೂತಾಯಿಯಂಥ ಸಮುದ್ರದ ಮೀನುಗಳಲ್ಲಿ ಹೆಚ್ಚು. ಕೆರೆಯ ಮೀನುಗಳಲ್ಲಿ ಅದು ಕಡಿಮೆ. ಹಾಗೆಂದು ಕೆರೆ ಮೀನು ಕೀಳೆಂದು ತಿಳಿಯಬೇಡಿ. ಅದರಲ್ಲಿ ಒಟ್ಟು ಕೊಬ್ಬೇ ಕಡಿಮೆ. ವಾರಕ್ಕೆ ಎರಡು ಬಾರಿ ಮೀನು ತಿನ್ನುವುದು ಹಿತ ಎಂದು ಅಮೆರಿಕದ ಹೃದಯ ಸಂಘ ಸಲಹೆ ಮಾಡಿದೆ. ಆದರೆ ಕರಿದ ಮೀನು ಬೇಡವೆಂಬ ಮಾತೂ ಆ ಸಲಹೆಯಲ್ಲೇ ಇದೆ. ನಾವು ಮೊದಲ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಕರಿದಾಗ ಆಗುವುದೇನು?

ಹಿಟ್ಟು ಹಚ್ಚಿದ ಮೀನು ಕುದಿಯುವ ಎಣ್ಣೆಗೆ ಬಿದ್ದಾಗ ಅದರ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಆ ಜಾಗಕ್ಕೆ ಎಣ್ಣೆ ಸೇರಿಕೊಳ್ಳುತ್ತದೆ. ಹಿಟ್ಟಿನ ಪದರ ದಪ್ಪವಾದಷ್ಟೂ ಹೀರುವ ಎಣ್ಣೆ ಹೆಚ್ಚು. ಒಂದು ಗ್ರಾಂ ಎಣ್ಣೆ ಎಂದರೆ 9 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 2000 ಕ್ಯಾಲೊರಿಯ ಆಹಾರಕ್ಕೆ ದಿನವಿಡೀ ಬಳಸಬೇಕಾದ ಎಣ್ಣೆ, ಕೊಬ್ಬು ಎಲ್ಲ ಸೇರಿ 27 ಗ್ರಾಂ. ಒಗ್ಗರಣೆ, ಪಲ್ಯ, ದೋಸೆ ಎಲ್ಲವೂ ಇದರಲ್ಲೇ ಆಗಬೇಕು. ನಾಲ್ಕು ತುಂಡು ಕರಿದ ಮೀನು ಈ ಲೆಕ್ಕವನ್ನು ಒಂದೇ ಊಟದಲ್ಲಿ ತಲೆಕೆಳಗು ಮಾಡಬಲ್ಲದು.

ಇನ್ನೊಂದು ತೊಂದರೆ ಎತ್ತಿಟ್ಟ ಎಣ್ಣೆಯದು. ಮತ್ತೆ ಮತ್ತೆ ಕಾಯಿಸಿದಂತೆ ಎಣ್ಣೆ ಕಪ್ಪಾಗಿ, ಅಂಟಾಗಿ, ಅದರಲ್ಲಿ ದೇಹಕ್ಕೆ ಹಿತವಲ್ಲದ ವಸ್ತುಗಳು ಹುಟ್ಟಿಕೊಳ್ಳುತ್ತವೆ. ಇಂಥ ಎಣ್ಣೆಯ ಬಳಕೆಗೆ 2018ರ ಜುಲೈನಿಂದ ನಮ್ಮ ದೇಶದಲ್ಲಿ ಕಾನೂನಿನ ಮಿತಿ ಇದೆ. ಹೋಟೆಲಿಗೆ ಹಾಕಿದ ಮಿತಿಯನ್ನು ನಮ್ಮ ಅಡುಗೆಮನೆಗೆ ನಾವೇ ಹಾಕಿಕೊಳ್ಳಬೇಕು. ಹಂಚಿನ ಮೇಲೆ ಹುರಿಯುವಾಗ ಎಣ್ಣೆ ಉಳಿಯುವುದೇ ಇಲ್ಲ. ಎತ್ತಿಡುವ ಮಾತೂ ಬರುವುದಿಲ್ಲ.

ಕೊಳ್ಳುವಾಗಲೇ ಅರ್ಧ ಕೆಲಸ

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರುತ್ತದೆ. ಹಳೆಯದಾದರೆ ಕಣ್ಣು ಮಂಕಾಗಿ ಒಳಗೆ ಕುಸಿಯುತ್ತದೆ. ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು. ಕಂದು ಅಥವಾ ಬೂದು ಬಣ್ಣವಿದ್ದರೆ ಬೇಡ. ಬೆರಳಿನಿಂದ ಒತ್ತಿದರೆ ಮಾಂಸ ಪುಟಿದು ಮೇಲೇಳಬೇಕು. ಗುಂಡಿ ಹಾಗೇ ಉಳಿಯಬಾರದು. ಕೆರೆಯ ಮೀನಿಗೆ ನೀರಿನ, ಪಾಚಿಯ ಮೆಲ್ಲನೆಯ ವಾಸನೆ ಇರುವುದು ಸಹಜ. ಕೊಳೆತ, ಮೂಗಿಗೆ ಹೊಡೆಯುವ ವಾಸನೆ ಸಹಜವಲ್ಲ. ತುಂಡು ಮಾಡಿಟ್ಟ ಮೀನಿಗಿಂತ ಇಡೀ ಮೀನು ಆರಿಸಿ, ನಿಮ್ಮೆದುರೇ ಕೊಯ್ಯಿಸಿಕೊಳ್ಳಿ.

ಸಂತೆಯಲ್ಲಿ ಕೊಂಡ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೈಕಿಗೆ ತಗುಲಿಹಾಕಿ, ಮತ್ತೆರಡು ಕಡೆ ಕೆಲಸ ಮುಗಿಸಿ ಮನೆಗೆ ಹೋಗುವವರಿದ್ದಾರೆ. ಮಾಮೂಲು ಹವೆಯಲ್ಲಿ ಎರಡು ಗಂಟೆ, ನಮ್ಮ ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಮೀನು ಐಸಿಲ್ಲದೆ ಇರಬಾರದು. ದೂರದ ಹಳ್ಳಿಯವರು ಮುಚ್ಚಳದ ಡಬ್ಬ ಒಯ್ದು, ಮೀನಿನಷ್ಟೇ ತೂಕದ ಐಸು ಹಾಕಿಸಿಕೊಂಡರೆ ಕ್ಷೇಮ. ಪೇಟೆಯ ಬೇರೆ ಕೆಲಸ ಮೊದಲು ಮುಗಿಸಿ, ಮೀನನ್ನು ಕೊನೆಗೆ ಕೊಳ್ಳುವುದು ಇನ್ನೂ ಸುಲಭದ ಉಪಾಯ.

ಬಂಗುಡೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಿಸಿಯಲ್ಲಿಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು, ಎದೆಬಡಿತ ಶುರುವಾಗುತ್ತದೆ. ಜನ ಅದನ್ನು ‘ಮೀನು ಅಲರ್ಜಿ’ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಮೀನಿನ ದೋಷವಲ್ಲ, ಐಸು ಹಾಕದವರ ದೋಷ.

ಕಹಿ ಚೀಲದ ಬಗ್ಗೆ ಎಚ್ಚರ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೀನಿನ ಹೊಟ್ಟೆ ಸೀಳಿದಾಗ ಪಿತ್ತಜನಕಾಂಗಕ್ಕೆ ಅಂಟಿಕೊಂಡಂತೆ ಹಸಿರು ಬಣ್ಣದ ಸಣ್ಣ ಚೀಲವೊಂದು ಕಾಣುತ್ತದೆ. ಅದೇ ಪಿತ್ತಕೋಶ. ಒಡೆದರೆ ಮೀನು ಕಹಿಯಾಗುತ್ತದೆ ಎಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು. ಅದು ವಿಷ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆಗೆ, ಕಣ್ಣಿನ ದೃಷ್ಟಿಗೆ, ಕೀಲುನೋವಿಗೆ ಒಳ್ಳೆಯದೆಂಬ ನಂಬಿಕೆಯಿಂದ ಇದನ್ನು ಹಸಿಯಾಗಿ ನುಂಗುವವರಿದ್ದಾರೆ. ರೋಹು, ಕಟ್ಲಾ ಮುಂತಾದ ಗೆಂಡೆ ಜಾತಿಯ ಮೀನುಗಳ ಪಿತ್ತಕೋಶ ನುಂಗಿದವರ ಮೂತ್ರಪಿಂಡಗಳು ಹಠಾತ್ತನೆ ಕೆಲಸ ನಿಲ್ಲಿಸಿ, ಡಯಾಲಿಸಿಸ್ ಮಾಡಬೇಕಾಗಿ ಬಂದ ಪ್ರಕರಣಗಳು ನಮ್ಮ ದೇಶದಲ್ಲೇ ವೈದ್ಯಕೀಯ ದಾಖಲೆಗಳಲ್ಲಿವೆ.

ನುಂಗಿದ ಕೆಲವು ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ಭೇದಿ ಆರಂಭವಾಗುತ್ತದೆ. ಒಂದೆರಡು ದಿನಗಳಲ್ಲಿ ಮೂತ್ರ ಕಡಿಮೆಯಾಗುತ್ತದೆ. ಪಿತ್ತಜನಕಾಂಗಕ್ಕೂ ಪೆಟ್ಟು ಬೀಳಬಹುದು. ಬೇಯಿಸಿದರೆ ಈ ವಿಷ ಹೋಗುತ್ತದೆಂದು ನಂಬಬೇಡಿ. ಯಾರಾದರೂ ನುಂಗಿದ್ದು ತಿಳಿದರೆ ವಾಂತಿ ನಿಂತಿತೆಂದು ಮನೆಯಲ್ಲೇ ಇರಿಸಿಕೊಳ್ಳದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ಮೀನಿನ ಪಿತ್ತ ನುಂಗಿದ್ದಾರೆ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಸಂಕೋಚಪಟ್ಟು ಮುಚ್ಚಿಟ್ಟರೆ ವೈದ್ಯರು ಸಾಮಾನ್ಯ ವಾಂತಿಭೇದಿಯೆಂದು ತಿಳಿದು, ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಮೀನು ಶುಚಿ ಮಾಡುವಾಗ ಚೀಲ ಒಡೆಯದಂತೆ ತೆಗೆದು, ಮಕ್ಕಳಿಗೂ ನಾಯಿ ಬೆಕ್ಕಿಗೂ ಸಿಗದಂತೆ ಹೂತುಬಿಡಿ. ಒಡೆದರೆ ಹಸಿರು ತಗುಲಿದ ಭಾಗವನ್ನು ಕೊಯ್ದು ಬಿಸಾಡಿ, ಉಳಿದದ್ದನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಹಂಚಿಗೆ ಹಾಕುವ ಮುನ್ನ

ನಾಲ್ಕು ಜನರ ಮನೆಗೆ ಅರ್ಧ ಕೆ.ಜಿ. ಮೀನು ಸಾಕು. ಅಡ್ಡಲಾಗಿ, ಮುಕ್ಕಾಲು ಅಂಗುಲದಿಂದ ಒಂದು ಅಂಗುಲ ದಪ್ಪಕ್ಕೆ ಕೊಯ್ಯಿಸಿ. ಎಲ್ಲ ತುಂಡೂ ಒಂದೇ ದಪ್ಪವಿರಲಿ. ತೀರಾ ತೆಳುವಾದರೆ ಒಣಗಿ ಪುಡಿಯಾಗುತ್ತದೆ, ತೀರಾ ದಪ್ಪವಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ.

ತೊಳೆದ ತುಂಡುಗಳಿಗೆ ಅರ್ಧ ಚಹಾ ಚಮಚ ಉಪ್ಪು, ಕಾಲು ಚಮಚ ಅರಿಶಿನ ಸವರಿ ಹತ್ತು ನಿಮಿಷ ಬಿಡಿ. ಉಪ್ಪು ಇಷ್ಟೇ ಸಾಕು. ಒಬ್ಬರು ದಿನಕ್ಕೆ ತಿನ್ನಬೇಕಾದ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ಕಡಿಮೆಯಾದ ಜಾಗವನ್ನು ಹುಳಿ, ಬೆಳ್ಳುಳ್ಳಿ, ಕರಿಮೆಣಸು ತುಂಬುತ್ತವೆ. ಉಪ್ಪಿನಿಂದ ಮೀನು ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಿ, ಶುಭ್ರವಾದ ಬಟ್ಟೆಯಿಂದ ಪ್ರತಿ ತುಂಡನ್ನೂ ಒತ್ತಿ ಒರೆಸಿ. ಮೀನು ಹಂಚಿಗೆ ಅಂಟುವುದಕ್ಕೆ ಮುಖ್ಯ ಕಾರಣ ಈ ತೇವ. ಅಂಟುತ್ತದೆಂದು ನಾವು ಎಣ್ಣೆ ಸುರಿಯುತ್ತೇವೆ. ಒರೆಸಿದ್ದರೆ ಸುರಿಯುವ ಪ್ರಮೇಯವೇ ಬಾರದು.

ಈಗ ಎರಡು ಚಮಚ ಖಾರದ ಪುಡಿ, ಒಂದು ಚಮಚ ಜಜ್ಜಿದ ಶುಂಠಿ-ಬೆಳ್ಳುಳ್ಳಿ, ಅರ್ಧ ಚಮಚ ಕರಿಮೆಣಸಿನ ಪುಡಿ, ಗಟ್ಟಿಯಾಗಿ ಕಿವುಚಿದ ಒಂದು ಚಮಚ ಹುಣಸೆರಸ ಸೇರಿಸಿ, ನೀರು ಹಾಕದೆ ಕಲಸಿ, ತೆಳ್ಳಗೆ ಸವರಿ. ಹುಣಸೆ ಇಲ್ಲವಾದರೆ ನಿಂಬೆರಸವೂ ಆದೀತು. ಇಪ್ಪತ್ತು ನಿಮಿಷ ನೆನೆದರೆ ಸಾಕು. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಮಾಂಸ ಮೆತ್ತಗಾಗಿ ಒಡೆಯುತ್ತದೆ. ಗರಿಗರಿ ಬೇಕೆನ್ನುವವರು ಹುರಿಯುವ ಮುನ್ನ ತುಂಡನ್ನು ಸ್ವಲ್ಪ ಅಕ್ಕಿಹಿಟ್ಟಿನಲ್ಲೋ ಸಣ್ಣ ರವೆಯಲ್ಲೋ ಹೊರಳಿಸಿ ಕೊಡವಿಕೊಳ್ಳಬಹುದು.

ಹಂಚಿನ ಮೇಲೆ

ರೊಟ್ಟಿ ಮಾಡುವ ದಪ್ಪ ಕಬ್ಬಿಣದ ಹಂಚು ಇದಕ್ಕೆ ಹೇಳಿ ಮಾಡಿಸಿದ್ದು. ದಪ್ಪ ಹಂಚು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೀನು ಇಟ್ಟೊಡನೆ ತಣ್ಣಗಾಗುವುದಿಲ್ಲ. ಮಧ್ಯಮ ಉರಿಯಲ್ಲಿ ಹಂಚನ್ನು ಮೊದಲು ಚೆನ್ನಾಗಿ ಕಾಯಿಸಿ. ಎಣ್ಣೆ ಹಾಕುವ ಮೊದಲು ನೀರಿನ ಒಂದು ಹನಿ ಚಿಮುಕಿಸಿದರೆ ಅದು ಚುರ್ರೆಂದು ಓಡಬೇಕು. ನಾಲ್ಕು ತುಂಡಿಗೆ ಎರಡು ಚಹಾ ಚಮಚ ಎಣ್ಣೆ ಹಾಕಿ ಹರಡಿ. ಎಣ್ಣೆ ಹೊಳೆದು ತೆಳುವಾಗಿ ಓಡಬೇಕು, ಹೊಗೆಯಾಡಬಾರದು. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಸರಿ.

ತುಂಡುಗಳನ್ನು ಒಂದಕ್ಕೊಂದು ತಾಕದಂತೆ ಇಡಿ. ಎಂಟು ತುಂಡನ್ನೂ ಒಟ್ಟಿಗೆ ತುರುಕಿದರೆ ಹಂಚಿನ ಕಾವು ಇಳಿದು, ಮೀನು ಹುರಿಯುವ ಬದಲು ತನ್ನ ನೀರಿನಲ್ಲೇ ಬೇಯುತ್ತದೆ. ಇಟ್ಟ ಮೇಲೆ ನಾಲ್ಕು ನಿಮಿಷ ಮುಟ್ಟಬೇಡಿ. ಎಲ್ಲರೂ ತಪ್ಪುವುದು ಇಲ್ಲಿಯೇ. ಅಂಟೀತೆಂಬ ಭಯದಿಂದ ಅರ್ಧ ನಿಮಿಷಕ್ಕೇ ಮಗುಚುಕೋಲು ಹಾಕಿ ಕೆದಕುತ್ತೇವೆ, ಮೀನು ಚೂರಾಗುತ್ತದೆ. ತಳ ಕೆಂಪಗೆ ಕಟ್ಟಿಕೊಂಡ ಮೇಲೆ ತುಂಡು ತಾನಾಗಿಯೇ ಹಂಚು ಬಿಡುತ್ತದೆ. ಅಂಚಿನಲ್ಲಿ ಮಗುಚುಕೋಲು ತೂರಿಸಿದಾಗ ಸಲೀಸಾಗಿ ಏಳದಿದ್ದರೆ ಇನ್ನೂ ಒಂದು ನಿಮಿಷ ಕಾಯಿರಿ. ಒಂದೇ ಸಲ ಮಗುಚಿ, ಉರಿ ಸ್ವಲ್ಪ ತಗ್ಗಿಸಿ, ಮತ್ತೊಂದು ಮಗ್ಗುಲನ್ನೂ ಮೂರು-ನಾಲ್ಕು ನಿಮಿಷ ಹುರಿಯಿರಿ. ಕೊನೆಯಲ್ಲಿ ನಾಲ್ಕು ಎಸಳು ಕರಿಬೇವು ಬಿದ್ದರೆ ಪರಿಮಳ ಬೀದಿಯ ತನಕ ಹೋಗುತ್ತದೆ.

ಎಂಟು ತುಂಡಿಗೆ ನಾಲ್ಕು ಚಮಚ ಎಣ್ಣೆಯಾಯಿತು. ಒಬ್ಬರ ಪಾಲಿಗೆ ಒಂದು ಚಮಚ, ಸುಮಾರು 40ರಿಂದ 45 ಕ್ಯಾಲೊರಿ. ಬಾಣಲೆಯ ಲೆಕ್ಕದೊಡನೆ ಹೋಲಿಸಿ ನೋಡಿ.

ಬೆಂದಿದೆಯೇ ಎಂದು ತಿಳಿಯಲು ನಡುಮುಳ್ಳಿನ ಪಕ್ಕದಲ್ಲಿ ಚಾಕುವಿನ ತುದಿಯಿಂದ ಬಿಡಿಸಿ ನೋಡಿ. ಮಾಂಸ ಬಿಳಿಯಾಗಿ, ಪದರ ಪದರವಾಗಿ ಮುಳ್ಳಿನಿಂದ ಬಿಟ್ಟುಬಂದರೆ ಬೆಂದಿದೆ. ಗಾಜಿನಂತೆ ಪಾರದರ್ಶಕವಾಗಿದ್ದರೆ, ಕೆಂಪು ಕಂಡರೆ, ಇನ್ನೆರಡು ನಿಮಿಷ ಬೇಕು. ಸಿಹಿನೀರಿನ ಮೀನಿನಲ್ಲಿ ಪರೋಪಜೀವಿ ಹುಳುಗಳಿರುವ ಸಾಧ್ಯತೆ ಇರುವುದರಿಂದ ಅರೆಬೆಂದ ಮೀನು ಸಲ್ಲದು. ಹಸಿ ಮೀನು ಕೊಯ್ದ ಮಣೆ, ಚಾಕುಗಳನ್ನು ಸೋಪು ಹಾಕಿ ತೊಳೆಯದೆ ಅದರಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ.

ಮುಳ್ಳು ಸಿಕ್ಕಿಕೊಂಡರೆ

ರೋಹು, ಕಟ್ಲಾಗಳಲ್ಲಿ ನಡುಮುಳ್ಳಲ್ಲದೆ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಬಾಲದ ಕಡೆ ಇವು ಹೆಚ್ಚು. ಮಕ್ಕಳಿಗೆ, ಹಲ್ಲಿಲ್ಲದ ವೃದ್ಧರಿಗೆ ಹೊಟ್ಟೆಯ ಭಾಗದ ತುಂಡನ್ನು ಬೆರಳಲ್ಲಿ ಬಿಡಿಸಿ ಕೊಡಿ. ಟಿ.ವಿ. ನೋಡುತ್ತಾ, ಮಾತಾಡುತ್ತಾ ತಿನ್ನುವ ಊಟ ಇದಲ್ಲ.

ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡರೆ ಮುದ್ದೆಯ ತುತ್ತೋ ಬಾಳೆಹಣ್ಣೋ ನುಂಗಿಸುವುದು ನಮ್ಮಲ್ಲಿ ವಾಡಿಕೆ. ಅದರಿಂದ ಮುಳ್ಳು ಇನ್ನೂ ಆಳಕ್ಕೆ ಚುಚ್ಚಿಕೊಳ್ಳಬಹುದು. ಬೆರಳು ಹಾಕಿ ಕೆದಕುವುದೂ ತಪ್ಪು. ಮೆಲ್ಲಗೆ ಕೆಮ್ಮಿಸಿ ನೋಡಿ. ಚುಚ್ಚಿದ ನೋವು ಉಳಿದರೆ, ಜೊಲ್ಲು ನುಂಗಲೂ ಆಗದಿದ್ದರೆ, ಉಗುಳಿನಲ್ಲಿ ರಕ್ತ ಕಂಡರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ. ಉಸಿರು ಕಟ್ಟಿದರೆ ಒಂದು ಕ್ಷಣವೂ ತಡಮಾಡಬೇಡಿ.

ಕೆಲವು ಸಂದೇಹಗಳು

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಯೇ? ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯು ಚರ್ಮದ ಬಣ್ಣದ ಕಣಗಳ ಮೇಲೆಯೇ ತಿರುಗಿಬೀಳುವುದರಿಂದ ತೊನ್ನು ಬರುತ್ತದೆ. ಮೀನು, ಹಾಲು ಅದಕ್ಕೆ ಕಾರಣವೆನ್ನಲು ಆಧಾರವಿಲ್ಲ. ತೊನ್ನು ಬಂದವರ ಊಟವನ್ನು ಆಡಿಕೊಳ್ಳುವುದು ಅನ್ಯಾಯ.

ಗರ್ಭಿಣಿಯರು ತಿನ್ನಬಹುದೇ? ತಾಜಾ ಮೀನನ್ನು ಚೆನ್ನಾಗಿ ಬೇಯಿಸಿ ಧಾರಾಳವಾಗಿ ತಿನ್ನಬಹುದು. ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿರುವುದರಿಂದ ಅವು ಬೇಡ. ಕೆರೆಯ ರೋಹು, ಸಮುದ್ರದ ಸಣ್ಣ ಭೂತಾಯಿ ವಾಸಿ.

ಒಣಮೀನು? ಸಂತೆಯ ಒಣಮೀನಿನಲ್ಲಿ ಉಪ್ಪು ಬಹಳ. ರಕ್ತದ ಏರೊತ್ತಡ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರು ಅದನ್ನು ದೂರವಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು, ಯೂರಿಕ್ ಆಮ್ಲ ಹೆಚ್ಚಿ ಕೀಲು ಬಾವು ಬರುವವರು ತಾಜಾ ಮೀನನ್ನೂ ಎಷ್ಟು ತಿನ್ನಬೇಕೆಂದು ತಮ್ಮ ವೈದ್ಯರನ್ನು ಕೇಳಬೇಕು. ಮೀನು ತಿಂದಾಗಲೆಲ್ಲ ಮೈಮೇಲೆ ಗಂಧೆ ಏಳುವವರು, ತುಟಿ ಊದಿಕೊಳ್ಳುವವರು ಮೀನನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು.

ಹೊಸದುರ್ಗದ ಆ ದಂಪತಿಗೆ ಇಷ್ಟನ್ನೂ ಹೇಳಿ, ಮಾತ್ರೆ ತಪ್ಪಿಸದಂತೆ ಎಚ್ಚರಿಸಿ ಕಳಿಸಿದೆ. ಮುಂದಿನ ತಿಂಗಳು ಬಂದಾಗ ಯಜಮಾನರ ಮುಖದಲ್ಲಿ ಕಳೆ ಇತ್ತು. ‘ಮೊದಲ ವಾರ ಚೂರಾಯ್ತು ಡಾಕ್ಟ್ರೇ, ಕೈ ಸುಮ್ನಿರ್ಲಿಲ್ಲ. ಆಮೇಲೆ ನೀವು ಹೇಳ್ದಂಗೆ ಮುಟ್ಟದೆ ನಿಂತ್ಕೊಂಡೆ’ ಎಂದು ಅಮ್ಮನವರು ನಕ್ಕರು. ಹುರಿಯುವ ಕೆಲಸವನ್ನು ಈಗ ಯಜಮಾನರೇ ವಹಿಸಿಕೊಂಡಿದ್ದಾರಂತೆ. ಬಾಣಲೆ ಅಟ್ಟ ಸೇರಿದೆಯಂತೆ.

ನಿಮ್ಮ ಮನೆಯ ಬಾಣಲೆ ಈ ಭಾನುವಾರ ಎಲ್ಲಿರುತ್ತದೆ?